‘ಅವಳಿಗೆ ಬೇಕಿತ್ತು’ ಎನ್ನುವ ಮಗನ ಜೊತೆ ಮಾತಾಡುವುದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಓದಿನಲ್ಲಿ ಚುರುಕು, ಸ್ನೇಹಿತರೂ ಜಾಸ್ತಿ. ಮೊನ್ನೆ ಅವನ ಕ್ಲಾಸಿನ ಹುಡುಗಿಯೊಬ್ಬಳಿಗೆ ಅವಳ ಬಾಯ್‌ಫ್ರೆಂಡ್ ಎಲ್ಲರೆದುರು ಹೊಡೆದನಂತೆ. ಅದನ್ನು ಹೇಳುತ್ತಾ ಇವನು, ‘ಅವಳೂ ಹಾಗೇ ಆಡ್ತಾಳೆ, ಬೇಕಿತ್ತು ಬಿಡು’ ಎಂದ. ನಾನು ಚೆನ್ನಾಗಿ ಬೈದೆ. ಅವರಪ್ಪ ಫೋನ್ ಕಿತ್ತಿಟ್ಟರು. ಈಗ ನಮ್ಮ ಜೊತೆ ಮಾತೇ ಇಲ್ಲ. ಪ್ರೀತಿಗೆ ಏನೂ ಕೊರತೆ ಮಾಡಿರಲಿಲ್ಲ. ಮುಂದೇನು ಮಾಡಲಿ?

ಉತ್ತರ: ಆ ಒಂದು ಮಾತಿನಿಂದ ಮಗ ನಾಳೆ ಕೈ ಎತ್ತುತ್ತಾನೆ ಅಂತ ತೀರ್ಮಾನ ಮಾಡಬೇಡಿ. ಈ ವಯಸ್ಸಿನಲ್ಲಿ ಎಷ್ಟೋ ಮಾತು ಗೆಳೆಯರಿಂದ ಬರುತ್ತದೆ, ಮನೆಯಲ್ಲಿ ಆಡಿ ನೋಡುತ್ತಾರೆ. ಹಾಗಂತ ಸುಮ್ನೆ ಬಿಡುವಂಥದ್ದೂ ಅಲ್ಲ. ಏಟು ತಿಂದವಳದೇ ತಪ್ಪು ಎಂದು ನಂಬಿದ ಹುಡುಗ ತಾನು ಹೊಡೆಯದೇ ಇರಬಹುದು, ಆದರೆ ಹೊಡೆಯುವವನನ್ನು ತಡೆಯುವುದಿಲ್ಲ.

ಪ್ರೀತಿಗೆ ಕೊರತೆ ಮಾಡಿಲ್ಲ ಎಂದಿದ್ದೀರಿ, ನಂಬುತ್ತೇನೆ. ಆದರೆ ಬೆಂಬಲವನ್ನು ಅಳೆಯುವ ಸಂಶೋಧಕರು ಅಪ್ಪ ಅಮ್ಮ ಎಷ್ಟು ಕೊಟ್ಟರು ಎಂದು ಕೇಳುವುದಿಲ್ಲ. ತನಗೆ ಸಿಕ್ಕಿದೆ ಅಂತ ಮಗುವಿಗೆ ಅನ್ನಿಸಿದೆಯಾ ಎಂದು ಕೇಳುತ್ತಾರೆ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ 12 ಸಾಲಿನ ಪಟ್ಟಿಯೊಂದನ್ನು ಗ್ರೆಗರಿ ಜಿಮೆಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಮನೆಯವರು, ಸ್ನೇಹಿತರು, ತೀರಾ ಹತ್ತಿರದ ಒಬ್ಬರು, ಈ ಮೂರನ್ನೂ ಅದು ಬೇರೆ ಬೇರೆಯಾಗಿ ಅಳೆಯುತ್ತದೆ. ನನ್ನ ಕಷ್ಟವನ್ನು ಮನೆಯವರ ಹತ್ತಿರ ಹೇಳಿಕೊಳ್ಳಬಹುದು ಎನ್ನುವುದು ಅದರಲ್ಲೊಂದು ಸಾಲು. ಈಗಿನ ಸ್ಥಿತಿಯಲ್ಲಿ ನಿಮ್ಮ ಮಗ ಆ ಸಾಲಿಗೆ ಹೌದು ಅನ್ನುತ್ತಾನಾ?

ಮನೆಯಲ್ಲಿ ಭಯ, ಅವಮಾನ, ಸೋಲು ಎಲ್ಲವನ್ನೂ ಹೇಳಿಕೊಳ್ಳಲು ಜಾಗ ಇರುವ ಹುಡುಗನಿಗೆ ಹೊರಗೆ ಗಂಡಸುತನ ತೋರಿಸುವ ಒತ್ತಡ ಕಡಿಮೆ. ಹಿಂಸೆಯನ್ನು, ಹೆಣ್ಣನ್ನು ಕೀಳಾಗಿ ಕಾಣುವುದನ್ನು ಒಪ್ಪುವ ಅಗತ್ಯವೂ ಅವನಿಗೆ ಕಡಿಮೆ. ಇದು ಎರಡೂ ಕಡೆಯಿಂದ ನಡೆಯುವ ವ್ಯವಹಾರ ಅನ್ನುವುದೂ ನೆನಪಿರಲಿ. ಅಂಥ ಯೋಚನೆಗಳು ತಲೆಗೆ ಹೊಕ್ಕ ಮೇಲೆ ಮಕ್ಕಳೇ ಮನೆಯವರಿಂದ ದೂರ ಸರಿಯುತ್ತಾರೆ. ಹಾಗಾಗಿ ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ.

ಸ್ನೇಹಿತರು ಜಾಸ್ತಿ ಅಂದಿರಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಗುಂಪು ಯಾವುದಕ್ಕೆ ಚಪ್ಪಾಳೆ ಹೊಡೆಯುತ್ತದೆ ಅನ್ನುವುದರ ಮೇಲೆ ಸ್ನೇಹದ ಫಲ ನಿಂತಿದೆ. ಹುಡುಗಿಯರ ಬಗ್ಗೆ ಕೀಳು ಜೋಕಿಗೆ ಎಲ್ಲರೂ ನಗುವಾಗ ಒಳಗೊಳಗೆ ಇರಿಸುಮುರುಸಾದವರು ಎಷ್ಟೋ ಜನ ಇರುತ್ತಾರೆ. ಪ್ರತಿಯೊಬ್ಬನೂ ಉಳಿದವರೆಲ್ಲ ಒಪ್ಪಿದ್ದಾರೆ ಅಂದುಕೊಂಡು ತಾನೂ ನಗುತ್ತಾನೆ. ಒಬ್ಬ ‘ಸಾಕು ಬಿಡ್ರೋ’ ಅಂದರೆ ಲೆಕ್ಕವೇ ಬದಲಾಗುತ್ತದೆ.

ಆ ಒಬ್ಬನನ್ನು ತಯಾರು ಮಾಡಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಪ್ರೌಢಶಾಲೆಗಳಲ್ಲಿ ಆಟದ ಕೋಚ್‌ಗಳೇ ತಮ್ಮ ಹುಡುಗರ ಜೊತೆ ಹುಡುಗಿಯರನ್ನು ಗೌರವಿಸುವ ಬಗ್ಗೆ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಮಾತಾಡಿದರು. 2012ರಲ್ಲಿ ಫಲಿತಾಂಶ ಬಂತು. ಸ್ನೇಹಿತರ ತಪ್ಪು ನಡವಳಿಕೆಯನ್ನು ತಡೆದೆವು ಎಂದವರು ಈ ತಂಡಗಳಲ್ಲಿ ಜಾಸ್ತಿ ಇದ್ದರು. ಒಂದು ವರ್ಷದ ಬಳಿಕ ನೋಡಿದಾಗ, ಗೆಳತಿಗೆ ಹಿಂಸೆ ಕೊಟ್ಟದ್ದೂ ಉಳಿದ ಶಾಲೆಗಳ ಹುಡುಗರಿಗಿಂತ ಕಡಿಮೆ ಇತ್ತು. ಹುಡುಗರು ಮೆಚ್ಚುವ ಗಂಡಸೊಬ್ಬ ಈ ಮಾತಾಡುವುದಕ್ಕೆ ಅಷ್ಟು ತೂಕವಿದೆ. ನಿಮ್ಮ ಮನೆಯಲ್ಲಿ ಅದು ಅವರಪ್ಪ ಇರಬಹುದು, ಮಾವನೋ ಚಿಕ್ಕಪ್ಪನೋ ಇರಬಹುದು. (ಅವರಪ್ಪ ಸಿಟ್ಟು ಬಂದಾಗ ನಿಮ್ಮ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದನ್ನೂ ಅವನು ನೋಡುತ್ತಲೇ ಇರುತ್ತಾನೆ.)

ಫೋನ್ ವಾಪಸ್ ಕೊಡಿ. ಬಲ ಇದ್ದವರು ಕಿತ್ತುಕೊಳ್ಳಬಹುದು ಎಂಬ ಪಾಠವನ್ನು ನೀವೇ ಹೇಳಿಕೊಟ್ಟ ಹಾಗಾಗಿದೆ. ಆಮೇಲೆ ಕೆಲಸ ಮಾಡುತ್ತಲೋ, ಎಲ್ಲಿಗಾದರೂ ಹೋಗುತ್ತಲೋ ಮಾತು ತೆಗೆಯಿರಿ. ಎದುರಾಬದುರು ಕೂರಿಸಿಕೊಂಡರೆ ವಿಚಾರಣೆ ಅನ್ನಿಸುತ್ತದೆ. ‘ಅವನು ಹೊಡೆದಾಗ ಅಲ್ಲಿದ್ದವರೆಲ್ಲ ಏನು ಮಾಡಿದರು? ನಿನಗೆ ಏನನ್ನಿಸಿತು?’ ಎಂದು ಕೇಳಿ. ಉತ್ತರ ಇಷ್ಟವಾಗದಿದ್ದರೂ ಪೂರ್ತಿ ಕೇಳಿಸಿಕೊಳ್ಳಿ. ಬಳಿಕ ನಿಮ್ಮ ನಿಲುವನ್ನು ಒಂದೇ ಮಾತಲ್ಲಿ ಹೇಳಿ: ಅವಳು ಏನೇ ಮಾಡಿರಲಿ, ಹೊಡೆದದ್ದು ತಪ್ಪು. ಕೇಳಿಸಿಕೊಳ್ಳುವುದು ಎಂದರೆ ಒಪ್ಪಿಕೊಳ್ಳುವುದಲ್ಲ, ಅಲ್ವಾ?

ಇನ್ನೊಂದು ವಿಷಯ. ಏಟು ತಿಂದ ಆ ಹುಡುಗಿಯ ಜೊತೆ ಯಾರಿದ್ದಾರೆ? ಶಾಲೆಯ ಕೌನ್ಸೆಲರ್ ಅಥವಾ ನಂಬಿಕೆಯ ಶಿಕ್ಷಕರಿಗೆ ಗೊತ್ತಿದೆಯೇ ಎಂದು ವಿಚಾರಿಸಿ. ಗೊತ್ತಿಲ್ಲದಿದ್ದರೆ ನೀವೇ ತಿಳಿಸಿ.

ಪ್ರಶ್ನೆ: ನನಗೆ 16. ನನ್ನ ಬಾಯ್‌ಫ್ರೆಂಡ್ ಫೋನಿನ ಪಾಸ್‌ವರ್ಡ್ ಕೇಳುತ್ತಾನೆ, ಯಾರ ಜೊತೆ ಹೋಗಬೇಕು ಅಂತಲೂ ಅವನೇ ಹೇಳುತ್ತಾನೆ. ‘ನಿನ್ನನ್ನು ಕಾಪಾಡೋದು ನನ್ನ ಜವಾಬ್ದಾರಿ’ ಅನ್ನುತ್ತಾನೆ. ಫ್ರೆಂಡ್ಸ್ ನನ್ನನ್ನು ಅದೃಷ್ಟವಂತೆ ಅನ್ನುತ್ತಾರೆ. ನನಗೆ ಮಾತ್ರ ಉಸಿರು ಕಟ್ಟುತ್ತದೆ.

ಉತ್ತರ: ನಿನಗೆ ಅನ್ನಿಸುತ್ತಿರುವುದನ್ನೇ ನಂಬು. ಮನಶ್ಶಾಸ್ತ್ರಜ್ಞರಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲೇ ಇದನ್ನು ವಿವರಿಸಿದ್ದಾರೆ. ಹೆಣ್ಣನ್ನು ಕೀಳಾಗಿ ಕಾಣುವುದಕ್ಕೆ ಎರಡು ಮುಖ. ಒಂದು ನೇರ ದ್ವೇಷ. ಇನ್ನೊಂದು, ಹೆಣ್ಣು ನಾಜೂಕು, ಅವಳನ್ನು ಗಂಡೇ ಕಾಯಬೇಕು ಎನ್ನುವ ಸಿಹಿ ಮಾತು. ಎರಡನೆಯದು ಹೊಗಳಿಕೆಯ ಹಾಗೆ ಕಾಣುವುದರಿಂದ ನಿನ್ನ ಗೆಳತಿಯರು ಗುರುತಿಸುತ್ತಿಲ್ಲ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂಬಂಧದಲ್ಲಿ ಇದ್ದ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು 24% ಮಂದಿ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ನಿನಗೂ ಹಾಗೇ ಆಗುತ್ತದೆ ಅಂತಲ್ಲ. ಆದರೆ ಇಂಥ ಹಿಡಿತವನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡ.

ಪಾಸ್‌ವರ್ಡ್ ಕೊಡಬೇಡ. ಕೊಟ್ಟಿದ್ದರೆ ಬದಲಿಸು. ಅವನಿಗೆ ‘ಆಗಲ್ಲ’ ಅನ್ನುವ ಮೊದಲು ನಿನ್ನ ನಂಬಿಕೆಯ ಒಬ್ಬ ದೊಡ್ಡವರಿಗೆ ವಿಷಯ ಹೇಳಿರು: ಅಮ್ಮ, ಅಕ್ಕ, ಟೀಚರ್, ಯಾರಾದರೂ. ಹೇಳಿದ ಮೇಲೆ ಅವನು ಬೇಸರ ಮಾಡಿಕೊಂಡರೆ ಪರವಾಗಿಲ್ಲ. ಹೆದರಿಸಿದರೆ, ಫೋಟೊ ಹಾಕುತ್ತೇನೆ ಅಂದರೆ, ಉತ್ತರ ಕೊಡಲು ಹೋಗಬೇಡ. ಮೆಸೇಜ್‌ಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು ಅವತ್ತೇ ಆ ದೊಡ್ಡವರಿಗೆ ತೋರಿಸು.