ಕೇರ್ ಪ್ಲಾನ್ ಎಲ್ಲರದ್ದೂ ಒಂದೇ ತರ, ಏನು ಮಾಡಲಿ?

ಪ್ರಶ್ನೆ: ನಾನು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಬಿ.ಎಸ್ಸಿ. ಎರಡನೇ ವರ್ಷದ ಮಕ್ಕಳನ್ನು ಸರ್ಜಿಕಲ್ ವಾರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಕೇರ್ ಪ್ಲಾನ್ (ರೋಗಿಗೆ ಯಾವ ಆರೈಕೆ, ಯಾಕೆ ಅಂತ ಬರೆಯುವ ಯೋಜನೆ) ಪುಸ್ತಕ ನೋಡಿ ಅಂದವಾಗಿ ಬರೆಯುತ್ತಾರೆ. ‘ಯಾಕೆ?’ ಅಂತ ಕೇಳಿದರೆ ‘ಗೊತ್ತಿಲ್ಲ ಮೇಡಂ’ ಅಂತ ತಲೆ ತಗ್ಗಿಸುತ್ತಾರೆ. ಯೋಚಿಸುವುದನ್ನು ಕಲಿಸುವುದು ಹೇಗೆ?

ಉತ್ತರ: ಆ ಮಕ್ಕಳಿಗೆ ಯೋಚನೆ ಬರುವುದಿಲ್ಲ ಅಂತಲ್ಲ ಮೇಡಂ. ತಪ್ಪು ಹೇಳಿದರೆ ರೋಗಿಯ ಎದುರೇ ಬೈಸಿಕೊಳ್ಳಬೇಕಲ್ಲ ಅನ್ನುವ ಭಯ. ಹಾಗಾಗಿ ‘ಯಾಕೆ’ಯನ್ನು ಮಂಚದ ಪಕ್ಕದಲ್ಲಿ ಕೇಳಬೇಡಿ. ಪೋಸ್ಟಿಂಗ್ ಮುಗಿದ ಮೇಲೆ ಏಳೆಂಟು ಜನರನ್ನು ಕೂರಿಸಿಕೊಳ್ಳಿ, ಇಪ್ಪತ್ತು ನಿಮಿಷ ಸಾಕು.

ಕೇಸನ್ನು ಒಂದೇ ಸಲಕ್ಕೆ ಹೇಳಬೇಡಿ, ತುಂಡು ತುಂಡಾಗಿ ಕೊಡಿ. ಹೊಟ್ಟೆ ಆಪರೇಷನ್ ಆಗಿ ನಾಲ್ಕು ಗಂಟೆ. 60 ಕೆಜಿ ತೂಕದ ರೋಗಿ. ಪಲ್ಸ್ 88, ಬಿ.ಪಿ. 124/80. ಒಂದು ಗಂಟೆ ಬಿಟ್ಟು ಪಲ್ಸ್ 112, ಬಿ.ಪಿ. 118/84. ‘ಬಾಯಿ ಒಣಗ್ತಿದೆ ಸಿಸ್ಟರ್’ ಅನ್ನುತ್ತಾರೆ. ಇಲ್ಲಿ ನಿಲ್ಲಿಸಿ. ನೀವು ಸುಮ್ನೆ ಇರಿ. ಕಷ್ಟದ ಕೆಲಸ ಇದೇ, ನನಗೆ ಇದು ಬರಲು ವರ್ಷಗಳೇ ಬೇಕಾದವು.

ಯಾರಾದರೂ ‘ನೋವಿಗೆ ಪಲ್ಸ್ ಜಾಸ್ತಿಯಾಗಿದೆ’ ಅನ್ನುತ್ತಾರೆ. ತಪ್ಪು ಅನ್ನಬೇಡಿ. ‘ಇರಬಹುದು. ಬೇರೇನಿರಬಹುದು? ಈಗ ಏನೇನು ನೋಡ್ತೀಯಾ?’ ಅಂತ ಕೇಳಿ. ಡ್ರೆಸ್ಸಿಂಗ್, ಡ್ರೈನ್ (ಒಳಗಿನ ರಕ್ತ, ನೀರು ಹೊರಬರಲು ಇಟ್ಟ ಟ್ಯೂಬ್), ಕೈಕಾಲು ತಣ್ಣಗಿದೆಯಾ, ಯೂರಿನ್ ಬ್ಯಾಗ್ ಅಂತ ಒಬ್ಬೊಬ್ಬರಾಗಿ ಹೇಳುತ್ತಾರೆ. ಕೇಳಿದವರಿಗೆ ಮಾತ್ರ ಮುಂದಿನ ತುಂಡು ಕೊಡಿ: ಯೂರಿನ್ ಗಂಟೆಗೆ 20 ಎಂ.ಎಲ್. ಈ ತೂಕಕ್ಕೆ 30 ಆದರೂ ಬರಬೇಕಲ್ವಾ? ‘ಡ್ರೈನಿನಲ್ಲಿ ಏನೂ ಇಲ್ಲ’ ಅಂತ ಒಬ್ಬಳು ನಿರಾಳವಾದರೆ, ‘ಟ್ಯೂಬ್ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ?’ ಅನ್ನಿ.

ಒಳಗೆ ರಕ್ತ ಸೋರುವಾಗ ಸಾಮಾನ್ಯವಾಗಿ ಮೊದಲು ಪಲ್ಸ್ ಏರುತ್ತದೆ. ರಕ್ತನಾಳಗಳು ಬಿಗಿದುಕೊಂಡು ಬಿ.ಪಿ.ಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತವೆ. ಬಿ.ಪಿ. ಇಳಿಯಲಿ ಅಂತ ಕಾದರೆ ತಡವಾಗಿರುತ್ತದೆ. ಇದನ್ನು ಪಾಠದಲ್ಲಿ ಹತ್ತು ಸಲ ಕೇಳಿರುತ್ತಾರೆ. ತಾವೇ ಹುಡುಕಿಕೊಂಡ ದಿನ ಮರೆಯುವುದಿಲ್ಲ.

ಕೊನೆಗೆ ಡಾಕ್ಟರಿಗೆ ಫೋನ್ ಮಾಡಿಸಿ. ನೀವೇ ಡಾಕ್ಟರಾಗಿ. ಯಾರು, ಏನಾಯಿತು, ಏನು ನೋಡಿದೆ, ಏನು ಬೇಕು, ಎಲ್ಲಾ ಒಂದು ನಿಮಿಷದೊಳಗೆ ಹೇಳಬೇಕು.

ಕೇರ್ ಪ್ಲಾನಿಗೂ ಒಂದು ಸಾಲು ಸೇರಿಸಿ: ‘ಪುಸ್ತಕದಲ್ಲಿಲ್ಲದ, ಈ ರೋಗಿಯಲ್ಲಿ ನಾನು ಕಂಡದ್ದು.’ ಆ ಸಾಲಿಗೆ ಮಾರ್ಕ್ಸ್ ಇಡಿ. ಹಾಗೇ ಚಾರ್ಟ್ ತೆಗೆದು ನೋಡಿ, ವಾರ್ಡಿಗೆಲ್ಲ ಉಸಿರಾಟ 20 ಅಂತಲೇ ಇದ್ದರೆ ಎಣಿಸದೇ ಬರೆದಿರಬಹುದು, ನಾಳೆ ನೀವೂ ಅವರ ಜೊತೆ ನಿಂತು ಪೂರ್ತಿ ಒಂದು ನಿಮಿಷ ಎಣಿಸಿ.