ಹಸುವಿಗೆ ಬೇಕು, ಗದ್ದೆಗೆ ಬೇಡ

ಪ್ರಶ್ನೆ: ಹುಲ್ಲು ಹಾಕಲು ಹೋದರೆ ನಮ್ಮ ಹಸು ಹುಲ್ಲು ಬಿಟ್ಟು ನನ್ನ ಬೆವರಿದ ತೋಳು ನೆಕ್ಕುತ್ತದೆ. ‘ಅದಕ್ಕೆ ಉಪ್ಪಿನಾಸೆ’ ಅಂತಾರೆ ನಮ್ಮತ್ತೆ. ಅತ್ತ ನಾಲೆ ಕೆಳಗಿನ ಹತ್ತು ಗುಂಟೆ ಗದ್ದೆ ಚೌಳಾಗಿ, ನಾಟಿ ಮಾಡಿದ ಪೈರು ನಿಲ್ಲುತ್ತಿಲ್ಲ. ಹಸು ಆಸೆಪಡುವ ಉಪ್ಪು ಭತ್ತಕ್ಕೆ ಯಾಕೆ ಆಗಿಬರೋದಿಲ್ಲ?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮತ್ತೆಯ ಮಾತು ಸರಿ ತಾಯಿ. ನಮ್ಮವ್ವ ದಿನಾ ಸಂಜೆ ಕಲಗಚ್ಚಿನ ಬಾನಿಗೆ ಹರಳುಪ್ಪು ಹಾಕಿ ಮೊಣಕೈವರೆಗೂ ಕೈಬಿಟ್ಟು ಕಲಕುತ್ತಿದ್ದಳು. ಮರೆತ ದಿನ ನಮ್ಮ ಕೆಂದಿ ಮೂತಿ ಅದ್ದಿ, ಬುಸ್ಸೆಂದು ತಲೆ ಎತ್ತಿಬಿಡುತ್ತಿತ್ತು. ಮುಂದೆ ಮೈಸೂರಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವಾಗಲೇ ನನಗೆ ಆ ಬುಸ್ಸಿನ ಅರ್ಥ ಆದದ್ದು.

ಉಪ್ಪಿನಲ್ಲಿ ಹಸು ಹುಡುಕುವುದು ಸೋಡಿಯಂ. 10 ಗ್ರಾಂ ಉಪ್ಪಿನಲ್ಲಿ ಸುಮಾರು 4 ಗ್ರಾಂ ಇರುತ್ತದೆ. ಹೆಚ್ಚಿನ ಗಿಡಗಳ ಬದುಕು ಪೊಟ್ಯಾಸಿಯಂನಲ್ಲೇ ಸಾಗುತ್ತದೆ. ನೀವು ಗದ್ದೆಗೆ ಎರಚುವ ಪೊಟ್ಯಾಷ್ ಅದೇ. ಹಾಗಾಗಿ ಹುಲ್ಲಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅತ್ಯಲ್ಪ. ಆದರೆ ಹುಲ್ಲು ತಿನ್ನುವ ಹಸುವಿಗೆ ಎರಡೂ ಬೇಕು. ಅದರ ಒಂದೊಂದು ಜೀವಕೋಶದ ಹೊರಪೊರೆಯಲ್ಲೂ ಒಂದು ಪಂಪು ಬಿಡುವಿಲ್ಲದೆ ಮೂರು ಸೋಡಿಯಂ ಹೊರಗೆಸೆದು ಎರಡು ಪೊಟ್ಯಾಸಿಯಂ ಒಳಗೆಳೆಯುತ್ತಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಕಂಡದ್ದು ಏಡಿಯ ಕಾಲಿನ ನರದಲ್ಲಿ. (ನಾವು ಬದುವಿನಲ್ಲಿ ಹಿಡಿಯುತ್ತಿದ್ದ ಗದ್ದೆ ಏಡಿಯಲ್ಲ, ಕಡಲ ಏಡಿ.) ನೊಬೆಲ್ ಬಂದದ್ದು ಮಾತ್ರ 40 ವರ್ಷ ಕಳೆದು, 1997ರಲ್ಲಿ. ಹೀಗೆ ಹೊರಗೆ ನಿಂತ ಸೋಡಿಯಂ ಕಿಂಡಿ ತೆರೆದೊಡನೆ ಒಳನುಗ್ಗುತ್ತದೆ. ನರದ ಸುದ್ದಿ ಓಡುವುದು ಹಾಗೆ. ನೊಣ ಕೂತ ಕೂಡಲೇ ಬಾಲ ಬೀಸುವುದಕ್ಕೂ ಇದೇ ಬೇಕು.

ಮೆಲುಕು ಹಾಕುವ ದನಕ್ಕೆ ಇನ್ನೊಂದು ಖರ್ಚಿದೆ. ಹಾಲು ಕರೆಯುವ ಹಸು ದಿನಕ್ಕೆ 100 ಲೀಟರಿಗೂ ಮಿಕ್ಕಿ ಜೊಲ್ಲು ಸುರಿಸಿ ನುಂಗುತ್ತದೆ. ಆ ಜೊಲ್ಲಿನಲ್ಲಿ ನಿಮ್ಮ ಅಡುಗೆ ಸೋಡಾ ಇದೆಯಲ್ಲ, ಅದೇ ಸೋಡಿಯಂ ಬೈಕಾರ್ಬನೇಟ್ ಇರುತ್ತದೆ. ಹೊಟ್ಟೆಯಲ್ಲಿ ಹುಲ್ಲು ಹುಳಿಯುವಾಗ ಹುಳಿ ಮೀರದಂತೆ ಕಾಯುವುದು ಅದು.

ಇನ್ನು ಗದ್ದೆ. ನೀರು ಬಸಿಯದ ತಗ್ಗಿನಲ್ಲಿ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪಾದ ಮಣ್ಣಿನಿಂದ ಬೇರು ನೀರೆಳೆಯಲಾರದು. ಒಳಹೊಕ್ಕ ಸೋಡಿಯಂ ಪೊಟ್ಯಾಸಿಯಂನ ಜಾಗ ಹಿಡಿಯುತ್ತದೆ, ಗರಿಯ ತುದಿ ಒಣಗುತ್ತದೆ. ಜೇಡಿಗೆ ಸೋಡಿಯಂ ಅಂಟಿತೆಂದರೆ ಮಣ್ಣಿನ ಕಣ್ಣೇ ಮುಚ್ಚಿಹೋಗುತ್ತದೆ: ನೆನೆದರೆ ಅಂಟು, ಒಣಗಿದರೆ ಕಲ್ಲು. ಅಂಥ ಮಣ್ಣಿಗೆ ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ. ಬಿಡಿಸಿದ್ದು ನೀರಿನೊಂದಿಗೆ ಹರಿದುಹೋಗಬೇಕಲ್ಲ? ನಾನೂ ನನ್ನ ತಮ್ಮನೂ ಬಸಿಗಾಲುವೆ ತೋಡದೆ ಮೂಟೆಗಟ್ಟಲೆ ಸುರಿದು, ಮುಂದಿನ ಬೆಳೆಗೂ ಅದೇ ಬಿಳಿ ಪೊರೆ ನೋಡಿದೆವು. ಮೇಷ್ಟ್ರು ಅಂತ ಊರೆಲ್ಲ ನಕ್ಕಿತು. ನೀವು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಎಷ್ಟು ಹಾಕಬೇಕೆಂದು ಕೇಳಿ, ಕಾಲುವೆ ತೋಡಿಯೇ ಹಾಕಿ.

ಹಸುವಿಗೆ ದಿನಕ್ಕೆ 30 ಗ್ರಾಂ ಆಸುಪಾಸು ಉಪ್ಪು ಕೊಡಿ. ಅಂಗಡಿ ಪಶುಆಹಾರದಲ್ಲಿ ಮೊದಲೇ ಉಪ್ಪಿದ್ದರೆ ಅಷ್ಟು ಬೇಡ. ಕುಡಿಯಲು ನೀರು ಸದಾ ಇರಲಿ. ತೋಳು ಬಿಟ್ಟು ಗೋಡೆ, ಮಣ್ಣು, ಮೂಳೆ ನೆಕ್ಕತೊಡಗಿದರೆ ರಂಜಕದ ಕೊರತೆಯೂ ಇರಬಹುದು, ಪಶುವೈದ್ಯರಿಗೆ ತೋರಿಸಿ.