ತಾರೀಕು ಎಲ್ಲಿ, ಮಾಸ್ತರರೇ?

ಶಿರಸಿಯ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ನಮ್ಮ ಕಡೆಯ ಸಂಘ, ಸೊಸೈಟಿ, ಅಂಗಡಿಗಳು ಇನ್ನೂ ಹಳೇ ಕಾಲದಲ್ಲೇ ಇವೆ. ಬೆಂಗಳೂರಿನ ಪೊಲೀಸರೇ ಎಕ್ಸ್‌ನಲ್ಲಿ (ಹಳೇ ಟ್ವಿಟರ್) ಜನರ ಜೊತೆ ಮಾತಾಡುತ್ತಾರೆ. ನಮ್ಮವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಲಿಯುವುದು ಯಾವಾಗ? ನಿಮ್ಮ ಪತ್ರಿಕೆಯೂ ರೀಲ್ಸ್ ಶುರು ಮಾಡಬಾರದೇ? ನಮ್ಮ ಸಂಘದ ತಾಳಮದ್ದಳೆಯ ಪೋಸ್ಟರನ್ನು ನಿಮ್ಮ ವಾಟ್ಸಾಪ್ ನಂಬರಿಗೆ ಕಳಿಸಿದ್ದೇನೆ, ದಯವಿಟ್ಟು ಪ್ರಕಟಿಸಿ."

ನಿಮ್ಮ ಕಾರ್ಡು ತಲುಪಿತು, ಮಾಸ್ತರರೇ. ಕಾರ್ಡು ಅಂದರೆ ನಿಜವಾದ ಅಂಚೆ ಕಾರ್ಡು, 50 ಪೈಸೆಯದ್ದು. ಎಲ್ಲರೂ ಇನ್‌ಸ್ಟಾಗ್ರಾಂಗೆ ಬರಬೇಕು ಎಂಬ ಮಾತನ್ನು ಅಂಚೆ ಕಾರ್ಡಿನಲ್ಲಿ ಬರೆದಿದ್ದು ನೋಡಿ ನಮ್ಮ ಕಚೇರಿಯ ಹುಡುಗರು ನಕ್ಕರು. ನಾನು ನಗಲಿಲ್ಲ. ಕಾರ್ಡಿನ ಬಲಮೂಲೆಯಲ್ಲಿ ಊರು ಇತ್ತು, ತಾರೀಕು ಇತ್ತು, ಇಸವಿಯೂ ಇತ್ತು. ಕೆಳಗೆ ಹೆಸರು, ವಿಳಾಸ, ಪಿನ್‌ಕೋಡ್. ಅಕ್ಷರ ಮುತ್ತಿನ ಹಾಗೆ. ಈ ಮಾತು ನೆನಪಿರಲಿ, ಮತ್ತೆ ಬರುತ್ತೇನೆ.

ಮೊದಲು ನಿಮ್ಮ ಕಡೆಯ ನ್ಯಾಯವನ್ನು ಒಪ್ಪಿಬಿಡುತ್ತೇನೆ. 2021ರಲ್ಲಿ ಬಾಳೆಗೆ ಬೆಲೆ ಬಿದ್ದಾಗ ಏನಾಯಿತು ಅನ್ನುವುದು ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ. 'ಅಡಿಕೆ ಪತ್ರಿಕೆ' ಎಂಬ ಕೃಷಿ ಮಾಸಿಕದ ಸಂಪಾದಕ ಶ್ರೀಪಡ್ರೆಯವರ ಪ್ರೋತ್ಸಾಹದಿಂದ ಒಂದು ವಾಟ್ಸಾಪ್ ಬಳಗ ಬಾಳೆಕಾಯಿ ಹೆಚ್ಚಿ, ಒಣಗಿಸಿ, ಹುಡಿ ಮಾಡುವುದನ್ನು ಮನೆಮನೆಗೆ ಕಲಿಸಿತು. ಬಾಳೆಕಾಯಿ ಹುಡಿ ಅಂದರೆ 'ಬಾಕಾಹು' ಅಂತ ಹೆಸರೂ ಬಿತ್ತು. ದೋಸೆ, ಜಾಮೂನು ಮಾಡಿ ಹೆಂಗಸರು ಫೋಟೊ ಹಾಕಿದರು. ಅದೇ ಜುಲೈನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಈ ವಿಷಯ ಹೇಳಿದರು. ಹಲಸಿನ ಹಪ್ಪಳ ಮಾಡುವ ಎಷ್ಟೋ ಅಕ್ಕಂದಿರಿಗೆ ಇವತ್ತು ವಾಟ್ಸಾಪ್ ಸ್ಟೇಟಸ್ಸೇ ಅಂಗಡಿ. ಬಾಡಿಗೆ ಇಲ್ಲ, ಬೋರ್ಡ್ ಇಲ್ಲ. ಒಳ್ಳೆಯದೇ. ಒಪ್ಪಿದೆ.

ಆದರೆ ನಮ್ಮ ಊರುಗಳು ಹಿಂದೆ ಬಿದ್ದಿವೆ ಎಂದಿರಲ್ಲ, ಅದನ್ನು ಒಪ್ಪಲಾರೆ. ಹಿಂದೆ ಬಿದ್ದಿದ್ದರೆ ಚೆನ್ನಾಗಿತ್ತು. ಎಲ್ಲರೂ ಆಗಲೇ ಹೋಗಿಯಾಗಿದೆ. ಹೋಗುವಾಗ ಫ್ಲೆಕ್ಸನ್ನೂ ಹೊತ್ತುಕೊಂಡು ಹೋಗಿದ್ದಾರೆ, ಅಷ್ಟೇ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸ್‌ಗಳನ್ನು ಕಿತ್ತರು. ಪೀಡೆ ಹೋಯಿತು ಅಂದುಕೊಂಡೆ. ಎಲ್ಲಿಗೆ ಹೋಯಿತು? ನನ್ನ ಫೋನಿಗೆ ಬಂತು. ಮೇಲೆ ದೇವರು, ಅದಕ್ಕಿಂತ ದೊಡ್ಡದಾಗಿ ಅಧ್ಯಕ್ಷರು, ಸುತ್ತ ಹದಿನಾಲ್ಕು ದುಂಡು ಫೋಟೊಗಳು, ಕೆಳಗೆ 'ಸರ್ವರಿಗೂ ಸುಸ್ವಾಗತ'. ಎಲ್ಲಿಗೆ ಸ್ವಾಗತ, ಯಾವತ್ತು ಸ್ವಾಗತ ಎಂದು ತಿಳಿಯಲು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಬೇಕು.

ಹೋದ ಮಳೆಗಾಲದ ಕತೆ ಕೇಳಿ. ಒಂದು ತಾಳಮದ್ದಳೆಯ ಪೋಸ್ಟರ್ ನನಗೆ ಮೂರು ಗುಂಪುಗಳಿಂದ ಬಂತು. ನನಗಿಷ್ಟದ ಪ್ರಸಂಗ, ಒಳ್ಳೆಯ ಅರ್ಥಧಾರಿಗಳು. 'ಶನಿವಾರ ಸಂಜೆ 4ಕ್ಕೆ' ಎಂದಿತ್ತು. ಬಸ್ಸು ಹಿಡಿದು 40 ಕಿಲೋಮೀಟರ್ ಹೋದೆ. ಸಭಾಭವನಕ್ಕೆ ಬೀಗ. ಪಕ್ಕದ ಗೂಡಂಗಡಿಯವನು ಚಾ ಕೊಡುತ್ತಾ, "ಅದು ಹೋದ ವರ್ಷದ್ದು, ಸ್ವಾಮಿ. ನೀವು ನಾಲ್ಕನೆಯವರು" ಎಂದ. ಉಳಿದ ಮೂವರು ಯಾರು ಅಂತ ಕೇಳುವ ಮನಸ್ಸಾಯಿತು. ಅವರ ಜೊತೆ ಕೂತು ನಾವೇ ಒಂದು ಪ್ರಸಂಗ ನಡೆಸಬಹುದಿತ್ತು, ಅಲ್ವಾ?

ನಾನು ಈ ಕಸುಬಿಗೆ ಬಂದಿದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದ ಒಂದು ಪ್ರೆಸ್ಸಿನಿಂದ. ಅಲ್ಲಿ ಒಬ್ಬ ಹಿರಿಯ ಕಂಪೋಸಿಟರ್ ಇದ್ದರು. ಓದಿದ್ದು ಕಡಿಮೆ. ಆದರೆ ಯಾರು ಕರಪತ್ರ ಮಾಡಿಸಲು ಬಂದರೂ ಹಸ್ತಪ್ರತಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ತಾರೀಕು ಎಲ್ಲಿ?" ಎಂದು ವಾಪಸ್ ಚಾಚುತ್ತಿದ್ದರು. "ಶನಿವಾರ ಅಂತ ಇದೆಯಲ್ಲ" ಎಂದರೆ, "ಶನಿವಾರ ವರ್ಷಕ್ಕೆ 52 ಬರ್ತವೆ, ನಿಮ್ಮದು ಯಾವುದು?" ಎನ್ನುತ್ತಿದ್ದರು. ಮೊಳೆಯನ್ನು ಒಂದೊಂದಾಗಿ ಹೆಕ್ಕಿ ಕೂರಿಸಬೇಕಿತ್ತು ನೋಡಿ. ಹಾಗಾಗಿ ಸುಮ್ನೆ ಒಂದು ಪದವೂ ಒಳಗೆ ಬರುತ್ತಿರಲಿಲ್ಲ, ಬೇಕಾದ ಪದ ಹೊರಗೆ ಉಳಿಯುತ್ತಲೂ ಇರಲಿಲ್ಲ. ಡಂಗುರ ಸಾರುವವನೂ ಅಷ್ಟೇ. ಏನು, ಎಲ್ಲಿ, ಯಾವತ್ತು. ಮೂರು ಮಾತು, ಮುಂದಿನ ಬೀದಿ. ಶ್ಯಾನುಭೋಗರ ಫೋಟೊ ತೋರಿಸುತ್ತಿರಲಿಲ್ಲ.

ನಿಮ್ಮೂರ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಇಸವಿ ಇಲ್ಲದ ಒಂದು ಪೋಸ್ಟರ್ ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಯವರೆಗೂ ಫಾರ್ವರ್ಡ್ ಆಗುತ್ತಾ ಬದುಕಬಲ್ಲದು ಎಂದು ನಿಮಗೆ ಬಿಡಿಸಿ ಹೇಳಬೇಕೇ?

ಇನ್ನೊಂದು ತಕರಾರು. ಇದಕ್ಕೆ ನಮ್ಮ ಡಿಟಿಪಿ ಅಂಗಡಿಗಳೂ ಪಾಲುದಾರರು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೇ ಸಂಕೇತಪಟ್ಟಿ ಇದೆ, ಯೂನಿಕೋಡ್ ಅಂತ. ಕನ್ನಡದ ಅಕ್ಷರಗಳು ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಸೇರಿವೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ 'ನುಡಿ' ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಅಚ್ಚಿಗೆ ಅದು ಚೆಂದ. ಫೇಸ್‌ಬುಕ್ಕಿಗೆ ಅಂಟಿಸಿದರೆ ಕನ್ನಡ ಹೋಗಿ ಬೇರೆ ಯಾವುದೋ ಲಿಪಿಯ ಚಿಹ್ನೆಗಳು ಕಾಣುತ್ತವೆ. ಅದಕ್ಕೆ ಸುಲಭದ ದಾರಿ: ಎಲ್ಲವನ್ನೂ ಚಿತ್ರ ಮಾಡಿ ಕಳಿಸುವುದು. ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ವಿಳಾಸ ಬೇಕಾದರೆ ಕಾಪಿ ಮಾಡಲಾಗದು, ಚೀಟಿಯಲ್ಲಿ ಬರೆದುಕೊಳ್ಳಬೇಕು. ನಮ್ಮ ಹಳೆಯ ಓದುಗರೊಬ್ಬರಿಗೆ ಕಣ್ಣು ಕಾಣದು. ಫೋನೇ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ಊರಿನ ಗುಂಪಿನಲ್ಲಿ ದಿನಕ್ಕೆ ಇಪ್ಪತ್ತು ಪೋಸ್ಟರ್ ಬಂದರೆ ಅದು ಇಪ್ಪತ್ತು ಸಲ 'ಫೋಟೊ' 'ಫೋಟೊ' ಅನ್ನುತ್ತದಂತೆ. "ಊರಿನಲ್ಲಿ ಏನೋ ನಡೀತಾ ಇದೆ, ಅಷ್ಟು ಗೊತ್ತಾಗುತ್ತೆ" ಎಂದರು. ನಗುತ್ತಲೇ ಅಂದರು. ನನಗೆ ನಗಲಾಗಲಿಲ್ಲ.

ಚಿತ್ರ ಬೇಡ ಎಂದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. 'ನಾಳೆ ನೀರು ಬರಲ್ಲ' ಎಂದು ಹಾಗೆ ಬರೆದು ನೋಡಿ. 'ನಾಲೆ ನೀರು ಬರಲ್ಲ' ಎಂದೂ ಓದಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದು ಬಕೆಟ್ ಜಾಸ್ತಿ ತುಂಬಿಟ್ಟರೆ ಮುಗಿಯಿತು. ಮಂಡ್ಯದಲ್ಲಿ ಇದೇ ಸಾಲು ಓದಿದರೆ ರಸ್ತೆ ತಡೆಯೇ ನಡೆದೀತು!

ಅಂಗಡಿಯವರದ್ದು ಬೇರೆ ವರಸೆ. ಸೀರೆಯ ಫೋಟೊ ಹಾಕುತ್ತಾರೆ. ಕೆಳಗೆ ಐವತ್ತು ಜನ 'ಬೆಲೆ ಎಷ್ಟು?' ಎಂದು ಕೇಳಿದರೆ ಐವತ್ತು ಜನಕ್ಕೂ 'ಇನ್‌ಬಾಕ್ಸ್ ಮಾಡಿ' ಎಂಬ ಉತ್ತರ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ಹಾಗೆ. ಅಲ್ಲಿ ಎತ್ತು ಒಂದೇ ಇರುತ್ತದೆ, ಗುಟ್ಟು ಮಾಡಲು ಕಾರಣವೂ ಇರುತ್ತದೆ. ಸೀರೆಗೆ ಏಕೆ ಗುಟ್ಟು?

ಇದನ್ನೆಲ್ಲ ಸರಿಯಾಗಿ ಮಾಡುವುದು ಹೇಗೆಂದು ಕಲಿಯಲು ಬೆಂಗಳೂರಿನ ಕಡೆ ನೋಡುವುದು ಬೇಡ, ಮಾಸ್ತರರೇ. ನಿಮ್ಮ ಪೇಟೆಯನ್ನೇ ನೋಡಿ. ಸಂಜೆ ಅಡಿಕೆ ಧಾರಣೆ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದನ್ನು ಓದಿದ್ದೀರಿ. ತಾರೀಕು, ಮಾರುಕಟ್ಟೆಯ ಹೆಸರು. ಆಮೇಲೆ ಅಡಿಕೆಯ ಬಗೆಗಳು: ರಾಶಿ, ಬೆಟ್ಟೆ, ಚಾಲಿ, ಕೋಕ, ಬಿಳೆಗೋಟು, ಕೆಂಪುಗೋಟು. ಒಂದೊಂದರ ಮುಂದೆ ಕನಿಷ್ಠ, ಗರಿಷ್ಠ. ಬೆರಳೆಣಿಕೆ ಸಾಲು. ಶಿರಸಿಯ ರೈತ ಅದನ್ನು ಓದಿ ನಾಳೆ ಮೂಟೆ ಒಯ್ಯಬೇಕೋ ಬೇಡವೋ ಎಂದು ಅಲ್ಲೇ ತೀರ್ಮಾನ ಮಾಡುತ್ತಾನೆ. ಅದರಲ್ಲಿ ಅಧ್ಯಕ್ಷರ ಫೋಟೊ ಯಾಕಿಲ್ಲ? ಓದುವವನಿಗೆ ಅದು ಬೇಕಿಲ್ಲ, ಕಳಿಸುವವನಿಗೂ ಅದು ಗೊತ್ತು. ದುಡ್ಡಿನ ಮಾತು ಬಂದಾಗ ನಾವೆಲ್ಲ ಎಷ್ಟು ಅಚ್ಚುಕಟ್ಟು! ಅದೇ ಸೊಸೈಟಿಗಳ ಮಹಾಸಭೆಯ ಪೋಸ್ಟರ್ ಸೆಪ್ಟೆಂಬರಿನಲ್ಲಿ ಬರಲಿ, ಮತ್ತೆ ಹದಿನಾಲ್ಕು ದುಂಡು ಫೋಟೊ.

ಇದು ಬರೀ ಪೋಸ್ಟರಿನ ಸಿಟ್ಟಲ್ಲ, ನಿಜ ಹೇಳಬೇಕೆಂದರೆ. ನನ್ನ ಟ್ರಂಕಿನಲ್ಲಿ ನಲವತ್ತು ವರ್ಷದ ಕರಪತ್ರಗಳಿವೆ. ಬಯಲಾಟ, ಹರಿಕಥೆ, ನಾಟಕ, ಹೋಟೆಲಿನ ಪ್ರಾರಂಭೋತ್ಸವ. ಗುಲಾಬಿ, ಹಳದಿ ಕಾಗದ. ಯಾವ ಊರಿನಲ್ಲಿ ಯಾವ ವರ್ಷ ಯಾರು ವೇಷ ಹಾಕಿದರು ಎಂದು ಇವತ್ತೂ ಹೇಳಬಲ್ಲೆ. ಈಗಿನದ್ದು ಎಲ್ಲಿ ಉಳಿಯುತ್ತದೆ? ಸ್ಟೇಟಸ್ 24 ಗಂಟೆಗೆ ಮಾಯ. ನಮ್ಮ ಹುಡುಗರು ಆರ್ಕುಟ್‌ನಲ್ಲಿ ಊರಿನ ಹೆಸರಲ್ಲಿ ಬಳಗ ಕಟ್ಟಿದ್ದರು, 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿದವರ ಗುರುತು 2020ರ ಜೂನ್‌ನಲ್ಲಿ ಒಂದೇ ಆದೇಶಕ್ಕೆ ಅಳಿಸಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಆರು ಗಂಟೆಯಷ್ಟು ಹೊತ್ತು ಕಣ್ಣು ಮುಚ್ಚಿದವು. ನಮಗೆ ಪರಿಚಯದ ಕೇಟರಿಂಗ್‌ನವರೊಬ್ಬರ ಮರುದಿನದ ಊಟದ ಲೆಕ್ಕವೆಲ್ಲ ಅದರೊಳಗೇ ಇತ್ತು. ಪಟ್ಟಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಬಿಟ್ಟಿದ್ದರು, ಪಾಪ. ಇನ್ನೊಬ್ಬರ ಜಗಲಿಯಲ್ಲಿ ಅಂಗಡಿ ಇಡಲಿ, ತಪ್ಪೇನಿಲ್ಲ. ಕೀಲಿಕೈ ಅವರ ಸೊಂಟದಲ್ಲಿದೆ ಎಂಬುದು ಗೊತ್ತಿದ್ದರೆ ಸಾಕು. ಅದಕ್ಕೇ ಹೇಳುವುದು: ಪೋಸ್ಟ್ ಹಾಕಿ, ಜೊತೆಗೆ ನೋಟಿಸ್ ಬೋರ್ಡಿಗೂ ಒಂದು ಹಾಳೆ ಅಂಟಿಸಿ. ಎರಡು ಹನಿ ಮೈದಾ ಅಂಟಿನ ಖರ್ಚು.

ನಮ್ಮ ಪತ್ರಿಕೆ ಸಾಚಾ ಎಂದೇನೂ ಹೇಳುತ್ತಿಲ್ಲ. ಹೋದ ವರ್ಷ ನಮ್ಮ ಕಥಾಸ್ಪರ್ಧೆಯ ಪ್ರಕಟಣೆಯನ್ನು ಚಂದದ ಚಿತ್ರ ಮಾಡಿ ನಮ್ಮ ಫೇಸ್‌ಬುಕ್ ಪುಟಕ್ಕೆ ಹಾಕಿದೆವು. ಕೊನೆಯ ದಿನಾಂಕ ಹಾಕುವುದೇ ಮರೆತಿತ್ತು. ಮೂರು ದಿನ ಫೋನ್ ಎತ್ತಿ ಎತ್ತಿ ನನ್ನ ಕಿವಿ ಕೆಂಪಾಯಿತು. ಆ ಕಂಪೋಸಿಟರ್ ಇದ್ದಿದ್ದರೆ ನನ್ನ ಮುಖಕ್ಕೇ ಹಸ್ತಪ್ರತಿ ಚಾಚುತ್ತಿದ್ದರು. ರೀಲ್ಸ್ ವಿಷಯ ಹುಡುಗರಿಗೆ ಬಿಟ್ಟಿದ್ದೇನೆ. ಅವರು ಮಾಡಿದರೆ ನಾನು ಅಡ್ಡ ಬರುವುದಿಲ್ಲ, ನನ್ನನ್ನು ಕುಣಿಸದಿದ್ದರೆ ಆಯಿತು.

ಇನ್ನು ನಿಮ್ಮ ಪೋಸ್ಟರ್. ವಾಟ್ಸಾಪ್‌ನಲ್ಲಿ ಬಂದಿದೆ, ನೋಡಿದೆ. ಭಾಗವತರ ಫೋಟೊ ಚೆನ್ನಾಗಿದೆ, ನಿಮ್ಮದು ಇನ್ನೂ ಚೆನ್ನಾಗಿದೆ. ಪ್ರಸಂಗದ ಹೆಸರಿದೆ, ಪ್ರಾಯೋಜಕರ ಹೆಸರಿದೆ. 'ಭಾನುವಾರ ಮಧ್ಯಾಹ್ನ 3ಕ್ಕೆ' ಎಂದಿದೆ. ಯಾವ ಭಾನುವಾರ, ಮಾಸ್ತರರೇ? ಮುಂದಿನ ಸಂಚಿಕೆಯ ಪುಟ ಅಚ್ಚಿಗೆ ಹೋಗುವುದು 20ನೇ ತಾರೀಕಿಗೆ. ಅಷ್ಟರೊಳಗೆ ತಿಳಿಸಿದರೆ ಹಾಕುತ್ತೇವೆ. ಕಾರ್ಡಿನಲ್ಲೇ ಬರೆಯಿರಿ. ಅದರಲ್ಲಿ ನೀವು ಮರೆಯುವುದಿಲ್ಲ.